ಗುರುಬಸಮ್ಮನ ನಾಲಿಗೆ

ಕುರುಗೋಡಿನ ತಿಪ್ಪೇರುದ್ರಪ್ಪನ ನಾಲಿಗೆಗೆ ಊರೇ ಹೆದರುತ್ತಿತ್ತು. ಬೈಗುಳಕ್ಕಲ್ಲ, ರುಚಿಗೆ. ಮದುವೆಮನೆಯಲ್ಲಿ ಮೊದಲ ತುತ್ತು ಬಾಯಿಗಿಟ್ಟು, ಸಾರಿಗೆ ಉಪ್ಪು ಕುದಿಯುವಾಗ ಬಿತ್ತೋ ಇಳಿಸಿದ ಮೇಲೆ ಬಿತ್ತೋ ಹೇಳಿಬಿಡುವ ಆಸಾಮಿ. ಅಂಥವನಿಗೆ ವರ್ಷಗಟ್ಟಲೆ ಬೇಯಿಸಿ ಹಾಕಿದ ಹೆಂಡತಿ ಗುರುಬಸಮ್ಮನ ಪಾಡು ನೀವೇ ಊಹಿಸಿ. ಅವನು ಲಿಂಗಪೂಜೆ ಮುಗಿಸಿ, ಎಡಗೈಯ ಲಿಂಗಕ್ಕೆ ಅರ್ಪಿಸಿ, ತುತ್ತು ಬಾಯಿಗಿಟ್ಟು ತಲೆಯಾಡಿಸಿದ ಮೇಲೆಯೇ ಅವಳಿಗೆ ಉಸಿರು. ಅವನು ಉಂಡೆದ್ದ ಮೇಲೆ ಅವಳ ಊಟ. ನಿನಗೆ ರುಚಿ ಹೇಗಾಯಿತು ಎಂದು ಅವಳನ್ನು ಕೇಳಿದವರಿಲ್ಲ, ಅವಳೂ ಹೇಳಿದವಳಲ್ಲ.

ಆ ನಾಲಿಗೆಯ ಬುಡದಲ್ಲೇ ಕ್ಯಾನ್ಸರ್ ಗಡ್ಡೆ ಎದ್ದಿತು. ಅದಕ್ಕೆ ಬೇರೆ ಜಾಗವೇ ಸಿಗಲಿಲ್ಲ ನೋಡಿ. ಬಳ್ಳಾರಿಯ ಆಸ್ಪತ್ರೆಯಲ್ಲಿ ಕರೆಂಟ್ ಕೊಡಬೇಕೆಂದರು. ನಮ್ಮ ಕಡೆ ರೇಡಿಯೇಷನ್ನಿಗೆ ಹಾಗೆನ್ನುತ್ತಾರೆ. ಮುಖ ಅಲುಗಬಾರದೆಂದು ಅವನ ಮುಖದ ಅಚ್ಚಿನಲ್ಲೇ ಜಾಲರಿಯಂಥ ಮುಖವಾಡ ಮಾಡಿ, ಮಂಚಕ್ಕೆ ಬಿಗಿದು ಮಲಗಿಸುತ್ತಿದ್ದರು. ಗಂಡ ಹೆಂಡತಿ ಬೆಳಗಿನ ಬಸ್ಸಿಗೆ ಹೋಗಿ ಮಧ್ಯಾಹ್ನ ತಿರುಗಿ ಬರುವರು. ಬರುಬರುತ್ತ ಬಾಯೆಲ್ಲ ಹುಣ್ಣಾಗಿ, ಉಗುಳು ನುಂಗುವುದೂ ಕಷ್ಟವಾಯಿತು. ಆಗ ಮೂಗಿನಿಂದ ಹೊಟ್ಟೆಗೆ ಸಣ್ಣದೊಂದು ನಳಿಕೆ ಇಳಿಸಿದರು. ಅಲ್ಲಿನ ಡಯಟಿಷಿಯನ್ ನಂದಿನಿ ಗುರುಬಸಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ರಾಗಿ, ಹೆಸರುಬೇಳೆಯ ಗಂಜಿಯನ್ನು ಹಾಲಲ್ಲಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಆರಿಸಿ, ಅವನನ್ನು ನೆಟ್ಟಗೆ ಕೂರಿಸಿ ಸಿರಿಂಜಿನಿಂದ ನಿಧಾನ ಬಿಡುವುದನ್ನು ಕಲಿಸಿದಳು.

ಕಲಿತು ಏನು ಬಂತು? ಅವನು ಒಲ್ಲೆ ಎಂದ.

"ನಾಲಿಗಿಗೆ ಮುಟ್ಟದ್ದು ಲಿಂಗಕ್ಕ ಹೆಂಗ ಮುಟ್ಟತೈತಿ?" ಎಂದು ಒಡೆದ ದನಿಯಲ್ಲಿ ಕೇಳಿದ. ಲಿಂಗಕ್ಕೆ ಕೊಡುವುದು ರುಚಿಯನ್ನು. ರುಚಿಯೇ ಇಲ್ಲದೆ ಸುರಿದುಕೊಂಡರೆ ಅದು ಪ್ರಸಾದವಲ್ಲ, ಚೀಲ ತುಂಬುವ ಕೆಲಸ ಎಂಬುದು ಅವನ ವಾದ. ಮೊಂಡ ರಾಜನಿಗಿಂತ ಬಲವಂತ ಎನ್ನುತ್ತಾರಲ್ಲ, ಸಿರಿಂಜು ಹತ್ತಿರ ತಂದರೆ ಕೈ ಅಡ್ಡ ಹಿಡಿಯುತ್ತಿದ್ದ. ಬಾಯಿಂದಲೇ ಒಂದೆರಡು ಚಮಚ ಹಾಲು ನುಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು ಮಲಗುತ್ತಿದ್ದ. ಗುರುಬಸಮ್ಮನಿಗೂ ಕೊರಳಲ್ಲಿ ಲಿಂಗವಿತ್ತು. ಅವನ ಮಾತು ತಪ್ಪೆನ್ನಲು ಅವಳಿಗೆ ಬಾಯಿ ಬರಲಿಲ್ಲ.

ಒಂದು ದಿನ ಮುಖವಾಡ ಸಡಿಲವಾಯಿತು. ಕೆನ್ನೆ ಅಷ್ಟು ಇಳಿದಿತ್ತು. ಹೀಗೇ ಸೊರಗಿದರೆ ಒಳಗೆ ಮುಖ ಅಲುಗಾಡುತ್ತದೆ, ಕರೆಂಟ್ ಬೇಕಾದ ಕಡೆ ಬೀಳುವುದಿಲ್ಲ, ನಿಲ್ಲಿಸಬೇಕಾದೀತು, ನಡುವೆ ನಿಲ್ಲಿಸಿದರೆ ಗಡ್ಡೆಗೆ ಅನುಕೂಲ ಎಂದರು ಡಾಕ್ಟರು. ಗುರುಬಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟರಲ್ಲಿ ನಂದಿನಿಯ ಕಣ್ಣು ಅವಳ ಬಳೆಗಳ ಮೇಲೆ ಬಿತ್ತು. ಕೈ ಎತ್ತಿದರೆ ಅವು ಮೊಣಕೈಗೆ ಜಾರುತ್ತಿದ್ದವು. ಊಟ ಮಾಡಿದಿರಾ ಎಂದು ಕೇಳಿದ್ದಕ್ಕೆ, ಅವರು ಉಣ್ಣದೆ ನಾನು ಹೇಗೆ ಉಣ್ಣಲಿ ಎಂದಳು.

"ಚಲೋ ಆತು," ಎಂದಳು ನಂದಿನಿ. "ಅವರು ಲಿಂಗಕ್ಕ ಕಾಯ್ತಾರ, ನೀವು ಅವರಿಗೆ ಕಾಯ್ತೀರಿ. ಯಾರರ ಒಬ್ರು ಮೊದ್ಲ ಉಣ್ಬೇಕಲ್ರಿ, ಅಮ್ಮ."

ಬಸ್ಸಿನಲ್ಲಿ ಗುರುಬಸಮ್ಮನಿಗೆ ಆ ಹುಡುಗಿಯ ಮೇಲೆ ಸಿಟ್ಟು ಬಂತು. ಆಮೇಲೆ ಗಂಡನ ಮೇಲೆ ಬಂತು. ಊರು ಬರುವ ಹೊತ್ತಿಗೆ ಅದು ತನ್ನ ಮೇಲೆಯೇ ತಿರುಗಿತ್ತು. ಇವನು ಸತ್ತರೆ ನಾನು ಯಾರ ಊಟ ಮುಗಿಯಲೆಂದು ಕಾಯಲಿ ಎಂದುಕೊಂಡಳು.

ಮನೆಗೆ ಬಂದವಳೇ ಗಂಜಿ ಕಾಯಿಸಿ, ಅವನೆದುರೇ ಕೂತಳು. ಎಡಗೈಯಲ್ಲಿ ತನ್ನ ಲಿಂಗ ಹಿಡಿದು, ಕಣ್ಣು ಮುಚ್ಚಿ ಅರ್ಪಿಸಿ, ಒಂದು ಚಮಚ ಬಾಯಿಗಿಟ್ಟಳು. ಮದುವೆಯಾದಾಗಿನಿಂದ ಅವನಿಗಿಂತ ಮುಂಚೆ ಬಾಯಿಗೆ ಅನ್ನ ಇಟ್ಟವಳಲ್ಲ. ನುಂಗಿದಳು.

"ಉಪ್ಪು ಕಡಿಮಿ ಐತ್ರಿ. ರಾಗಿ ಚಂದಾಗಿ ಬೆಂದೈತಿ, ಹಾಲಿನ ಸಿಹಿ ಆಮ್ಯಾಲ ಬರತೈತಿ," ಎಂದಳು. "ಲಿಂಗಕ್ಕ ರುಚಿ ನಾ ಮುಟ್ಟಿಸೀನಿ. ಹೊಟ್ಟಿಗೆ ನೀವು ಮುಟ್ಟಿಸ್ರಿ."

ಇದು ಸರಿಯೋ ತಪ್ಪೋ ಎಂದು ಅವನು ಯಾವ ಸ್ವಾಮಿಗಳನ್ನೂ ಕೇಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು, ನಳಿಕೆಯ ತುದಿಯನ್ನು ತಾನೇ ಎತ್ತಿ ಹಿಡಿದ.

ಅಲ್ಲಿಂದ ಅದೇ ರೂಢಿಯಾಯಿತು. ಒಮ್ಮೆ ಗಂಜಿ ತಳ ಹತ್ತಿದ್ದರೂ ಚೆನ್ನಾಗಿದೆ ಎಂದುಬಿಟ್ಟಳು. ಅವನು ಮೂಗು ತೋರಿಸಿ ಕೈ ಅಡ್ಡ ಹಿಡಿದ. ನಾಲಿಗೆ ಸತ್ತಿದ್ದರೂ ಮೂಗು ಬದುಕಿತ್ತಲ್ಲ, ಕಳ್ಳ! ನಕ್ಕು ಬೇರೆ ಗಂಜಿ ಕಾಯಿಸಿದಳು, ಮತ್ತೆ ಸುಳ್ಳು ಹೇಳಲಿಲ್ಲ. ಮುಖವಾಡ ಮತ್ತೆ ಸಡಿಲಾಗಲಿಲ್ಲ, ಕರೆಂಟೂ ನಿಲ್ಲದೆ ಮುಗಿಯಿತು. ಅವಳ ಬಳೆಗಳೂ ಮಣಿಕಟ್ಟಿನಲ್ಲಿ ನಿಂತವು.

ಹುಣ್ಣು ಮಾಯ್ದು ನಳಿಕೆ ತೆಗೆದ ಮೇಲೆ, ಬಾಯಿಂದ ಕುಡಿಯುವ ಮೊದಲ ದಿನ ಅವಳು ತೆಳ್ಳಗೆ ಅಂಬಲಿ ಕಾಸಿ ಲೋಟದಲ್ಲಿ ಕೊಟ್ಟಳು. ಅವನು ಪೂಜೆ ಮುಗಿಸಿ, ಅರ್ಪಿಸಿ, ಒಂದು ಗುಟುಕು ಕುಡಿದ. ನೋವಿಲ್ಲದೆ ಇಳಿಯಿತು. ಆದರೆ ಮುಖ ಬಾಡಿತು. ರುಚಿ ಮರಳಲು ತಿಂಗಳುಗಳೇ ಬೇಕೆಂದು ನಂದಿನಿ ಮೊದಲೇ ಹೇಳಿದ್ದಳು. ಹಳೆಯ ಅಭ್ಯಾಸ, ಗುರುಬಸಮ್ಮ ಅವನ ತಲೆ ಆಡುವುದನ್ನೇ ಕಾಯುತ್ತ ನಿಂತಿದ್ದಳು.

ಅವನು ಲೋಟ ಕೆಳಗಿಟ್ಟು, ತನ್ನ ಪಕ್ಕದ ಮಣೆಯನ್ನು ಅವಳತ್ತ ಸರಿಸಿದ.

"ನಿಂದೂ ತಗೊಂಬಾ," ಎಂದ. "ಮೊದ್ಲ ನೀ ಉಣ್ಣು. ಹೆಂಗೈತಿ ಹೇಳು, ಆಮ್ಯಾಲ ನಾ ಕುಡೀತೀನಿ."

ಅವಳು ಲೋಟ ತಂದು ಕೂತು, ಕುಡಿದು ನೋಡಿದಳು.

"ಉಪ್ಪು ಜಾಸ್ತಿ ಆಗೈತ್ರಿ," ಎಂದಳು.

ತಿಪ್ಪೇರುದ್ರಪ್ಪ ತಲೆಯಾಡಿಸಿ ಲೋಟ ಎತ್ತಿಕೊಂಡ.