ಐವತ್ತಕ್ಕೆ ನಲವತ್ತೊಂಬತ್ತು

ಒಂಬತ್ತನೆಯ ಗಂಟಿಗೇ ಹಗ್ಗ ಸಡಿಲಾಯಿತು.

“ಒಂಬತ್ತು ಮೊಳ,” ಎಂದ ಅವನು, ಬರೆದುಕೊಳ್ಳಲು ಎದುರಿಗೆ ಗುಮಾಸ್ತನೊಬ್ಬ ಕೂತಿದ್ದಾನೆ ಎಂಬ ಧಾಟಿಯಲ್ಲಿ. ದೋಣಿಯಲ್ಲಿ ಎದುರಿಗಿದ್ದವಳು ದೋಣಿಮನೆ ನೋಡಿಕೊಳ್ಳುವ ಹೆಂಗಸು. ಹುಟ್ಟುಗಳನ್ನು ಮೊಣಕಾಲಿನ ಮೇಲೆ ಅಡ್ಡ ಹಾಕಿಕೊಂಡು ಅವಳು ಆಕಳಿಸಿದಳು.

ನಾಲ್ಕು ವರ್ಷದ ಹಿಂದೆಯೂ ಇಲ್ಲಿ ಒಂಬತ್ತೇ ಮೊಳ. ಕೆರೆ ಸುಧಾರಿಸಿರಲಿಲ್ಲ. ಅವನಿಗೆ ಒಂದು ಬಗೆಯ ಸಮಾಧಾನವಾಯಿತು.

ನೀರಾವರಿ ಇಲಾಖೆಯಲ್ಲಿ ಅವನು ಮುಖ್ಯ ನಕ್ಷೆಗಾರ. ಅವನ ಮನೆ, ಬಾಮೈದನ ಮನೆ, ಪಕ್ಕದ ಔಷಧಿ ಅಂಗಡಿಯವರ ಮನೆ, ಹೀಗೆ ಮೂರು ಮನೆಯವರು ವರ್ಷಕ್ಕೊಮ್ಮೆ ಎರಡು ದಿನ ದೋಣಿ, ಗಾಳ, ಡೇರೆ ಎಂದು ಹೊರಡುವಾಗ ಯಾವ ಕೆರೆಗೆ ಎಂಬುದನ್ನು ತೀರ್ಮಾನಿಸುವವನು ಅವನು. ಹದಿನೇಳು ವರ್ಷದಿಂದ ಅದು ಹಾಗೇ. ಯಾರೂ ಅವನನ್ನು ನೇಮಿಸಿರಲಿಲ್ಲ. ಮೊದಲ ವರ್ಷ ಅವನೊಬ್ಬನೇ ಮುಂಚಿತವಾಗಿ ಹೋಗಿ ನೋಡಿಬಂದಿದ್ದ, ಅಷ್ಟೇ ಸಾಕಾಯಿತು.

ದೋಣಿಗೆ ಗಾಳಿ, ಗಾಳಕ್ಕೆ ಆಳ, ಡೇರೆಗೆ ದಡ. ಇವುಗಳ ಜೊತೆಗೆ ಮೀನು, ರಸ್ತೆ. ಐದು ವಿಷಯ, ತಲಾ ಹತ್ತು ಅಂಕ. ಮೂವತ್ತೈದು ಬಂದರೆ ಪಾಸು. ಇದುವರೆಗೆ ನಲವತ್ತೊಂದು ಕೆರೆಗಳು ಪರೀಕ್ಷೆಗೆ ಕೂತಿದ್ದವು, ಎಂಟು ತೇರ್ಗಡೆಯಾಗಿದ್ದವು. ಮೊಸರಲ್ಲಿ ಕಲ್ಲು ಹುಡುಕುವುದು ಎಂದು ಜನ ಆಡಿಕೊಳ್ಳಬಹುದು. ಹಲ್ಲು ಮುರಿದುಕೊಂಡವರು ಹಾಗೆನ್ನುವುದಿಲ್ಲ ಎಂದು ಅವನ ಉತ್ತರ ಸಿದ್ಧವಾಗಿತ್ತು. ಕೇಳುವವರು ಇನ್ನೂ ಬಂದಿರಲಿಲ್ಲ.

ಈ ಕೆರೆಗೆ ಆಗ ಸಿಕ್ಕಿದ್ದು ಇಪ್ಪತ್ತೊಂದು. ಆದರೂ ಬಂದಿದ್ದ. ಹೋದ ವಾರ ಬಾಮೈದ ಫೋನಿನಲ್ಲಿ, “ಭಾವ, ಆ ಹಳೇ ಕೆರೇನ ಇನ್ನೊಂದ್ಸಲ ನೋಡ್ಬಹುದಲ್ವಾ, ಪಾಪ,” ಎಂದಿದ್ದ. ಆ ಪಾಪ ಎಂಬ ಮಾತು ಅವನಿಗೆ ಹಿಡಿಸಿತು. ನ್ಯಾಯವಂತನಾದವನು ನಾಪಾಸಾದವರಿಗೂ ಮರುಪರೀಕ್ಷೆ ಕೊಡಬೇಕು. ಬೆಳಿಗ್ಗೆ ಆರೂವರೆ ಬಸ್ಸಿಗೆ ಹೊರಟಾಗ ಹೆಂಡತಿ, “ಹುಷಾರು,” ಎಂದಳು. ಸ್ವಲ್ಪ ತಡೆದು, “ಈ ಸಲ ಒಂಚೂರು ಧಾರಾಳವಾಗಿ ನೋಡಿ,” ಎಂದಳು. ಅವಳು ಪ್ರಾಥಮಿಕ ಶಾಲೆಯ ಟೀಚರು, ಅಂಕ ಕೊಡುವುದರಲ್ಲಿ ಎತ್ತಿದ ಕೈ. ಆ ದೌರ್ಬಲ್ಯವನ್ನು ಅವನು ಎಂದೋ ಕ್ಷಮಿಸಿದ್ದ.

ಏಳು ಕಡೆ ಹಗ್ಗ ಇಳಿಸಿದ. ಆಳಕ್ಕೆ ನಾಲ್ಕು. ಗಾಳಿಗೆ ಐದು. ದಡದಲ್ಲಿ ಕಾಲಿಟ್ಟ ಕೂಡಲೇ ಹಿಮ್ಮಡಿ ಕೆಸರಿನಲ್ಲಿ ಹೂತಿತು: ಮೂರು. ರಸ್ತೆಗೆ ಆರು.

“ಮೀನು ಹೇಗೆ?” ಎಂದು ಕೇಳಿದ.

“ಇದಾವೆ ಸಾರ್. ಹಿಡಿಯೋರಿಗೆ ಸಿಗ್ತವೆ.”

ಇಂಥ ಉತ್ತರಕ್ಕೆ ನಾಲ್ಕಕ್ಕಿಂತ ಹೆಚ್ಚು ಕೊಡಲಾಗುವುದಿಲ್ಲ. ಒಟ್ಟು ಇಪ್ಪತ್ತೆರಡು. ಹಿಂದಿಗಿಂತ ಒಂದು ಅಂಕ ಹೆಚ್ಚು. ಹೆಂಡತಿಯ ಮಾತಿಗೆ ಬೆಲೆ ಕೊಟ್ಟಂತೆಯೂ ಆಯಿತು.

ದೋಣಿಮನೆಯೆಂದರೆ ತಗಡಿನ ಸೂರು, ಒಂದು ಮೇಜು, ಗೋಡೆಗೆ ನೇತುಹಾಕಿದ ಕಿತ್ತಳೆ ಬಣ್ಣದ ತೇಲುವ ಅಂಗಿಗಳು. “ಬುಕ್ಕಲ್ಲಿ ಬರೆದುಬಿಡಿ ಸಾರ್, ಹೆಸರು, ಎಷ್ಟು ಜನ, ಸಹಿ,” ಎಂದಳು ಹೆಂಗಸು.

ಬರೆಯುವ ಮೊದಲು ಅವನು ಹಿಂದಿನ ಪುಟ ತಿರುವಿದ. ಎಂಥ ಜನ ಬರುತ್ತಾರೆ ಎಂದು ತಿಳಿಯುವುದೂ ಪರೀಕ್ಷೆಯ ಒಂದು ಅಂಗ. ಮೂರು ಶನಿವಾರದ ಹಿಂದಿನ ಸಾಲಿನಲ್ಲಿ ಬಾಮೈದನ ಹೆಸರಿತ್ತು. ಜನ: ಐದು. ದೋಣಿ: ಮೂರು. ಡೇರೆ: ಮೂರು. ಕೊನೆಗೆ, ಅಭಿಪ್ರಾಯ ಎಂಬಲ್ಲಿ, ಕಪ್ಪುಹಲಗೆಯ ಮೇಲೆ ಬರೆದೂ ಬರೆದೂ ದುಂಡಗಾದ ಅಕ್ಷರ. ಅವನು ವಾರವಾರವೂ ಸಾಮಾನಿನ ಚೀಟಿಯಲ್ಲಿ ನೋಡುವ ಅಕ್ಷರ: ‘ಇಂಥ ಕೆರೆ ಇನ್ನೊಂದಿಲ್ಲ.’

ಮೊದಲು ಹೊಳೆದದ್ದು, ಎಷ್ಟಕ್ಕೆ ಎಷ್ಟು? ಅಂಕವಿಲ್ಲದ ಅಭಿಪ್ರಾಯ ಅಭಿಪ್ರಾಯವೇ ಅಲ್ಲ.

ಉಳಿದದ್ದು ಆಮೇಲೆ ಹೊಳೆಯಿತು. ಆ ಶನಿವಾರ ಹೆಂಡತಿಗೆ ಎರಡು ದಿನದ ತರಬೇತಿ. ಕನ್ನಡಕದ ಅಂಗಡಿ ಇಟ್ಟುಕೊಂಡ ಬಾಮೈದನಿಗೆ ಎಲ್ಲೋ ಕಣ್ಣಿನ ಶಿಬಿರ. ಔಷಧಿ ಅಂಗಡಿಯವರ ಮನೆಗೆ ಬೀಗ. ಯಾಕೆಂದು ಇವನು ಕೇಳಿರಲಿಲ್ಲ. ಆ ಎರಡೂ ದಿನ ಅವನು ಮನೆಯಲ್ಲಿ ಕೂತು ನಲವತ್ತೊಂದು ಕೆರೆಗಳ ಪಟ್ಟಿಯನ್ನು ಶುದ್ಧಪ್ರತಿ ಮಾಡಿದ್ದ. ಎರಡು ಬಣ್ಣದ ಶಾಯಿಯಲ್ಲಿ.

“ಇವರು ಯಾರು?” ಎಂದು ಆ ಸಾಲನ್ನು ತೋರಿಸಿದ.

“ಓ, ಅವರಾ.” ಹೆಂಗಸಿನ ಮುಖ ಅರಳಿತು. “ನಗಿಸಿ ನಗಿಸಿ ಸಾಕುಮಾಡಿದ್ರು ಸಾರ್. ಅದರಲ್ಲಿ ಒಬ್ಬರು ಬಟ್ಟೆ ಒಣಹಾಕೋ ಹಗ್ಗಕ್ಕೆ ಚೊಂಬು ಕಟ್ಟಿ ನೀರಿಗೆ ಇಳಿಬಿಡೋದು, ಹುಬ್ಬು ಗಂಟು ಹಾಕ್ಕೊಂಡು ‘ನಾಪಾಸು’ ಅನ್ನೋದು. ಉಳಿದೋರು ಬಿದ್ದು ಬಿದ್ದು ನಗೋದು. ಅವರ ಮನೇಲಿ ಯಾರೋ ಹಾಗೆ ಮಾಡ್ತಾರಂತೆ.”

ಇಷ್ಟು ಹೇಳಿದವಳ ಕಣ್ಣು ಅವನ ಕೈಯಲ್ಲಿದ್ದ ಹಗ್ಗದ ಮೇಲೆ ಬಿತ್ತು. ತುದಿಯ ಸೀಸದ ಗುಂಡಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ನೀವು ಅವರ ಕಡೆಯೋರಾ?”

“ಅಲ್ಲ. ಇಲಾಖೆಯಿಂದ ಬಂದಿದ್ದೀನಿ.”

“ಅದೇ ಅಂದ್ಕೊಂಡೆ,” ಎಂದಳು ನಿರಾಳವಾಗಿ.

“ಎಲ್ಲರೂ ನಕ್ಕರಾ?” ಇಲಾಖೆಗೆ ಬೇಕಾದ ಪ್ರಶ್ನೆಯಲ್ಲ ಅದು.

“ಒಬ್ಬ ಟೀಚರಮ್ಮ ಇದ್ರು, ಅವರೊಬ್ಬರು ನಗಲಿಲ್ಲ. ‘ಹಾಗಲ್ಲ ಕಣೋ ಇಳಿಸೋದು. ಒಂದೊಂದು ಗಂಟೂ ಕೈಗೆ ತಾಕಬೇಕು, ಎಣಿಸುವಾಗ ತುಟಿ ಅಲ್ಲಾಡಬೇಕು’ ಅಂತ ಹಗ್ಗ ಇಸ್ಕೊಂಡು ತೋರಿಸಿದ್ರು. ಆಗಂತೂ ಕೇಳ್ಬೇಡಿ.” ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು. “ಆಯಮ್ಮ ಮಾತ್ರ ಗಟ್ಟಿ ಸಾರ್. ಸಾಯಂಕಾಲ ಒಬ್ಬರೇ ದೋಣಿ ತಗೊಂಡು ನಡುವಿಗೆ ಹೋದ್ರು. ಹುಟ್ಟು ಒಳಗೆಳ್ಕೊಂಡು ಸುಮ್ನೆ ಕೂತ್ರು. ಒಂದು ಗಂಟೆ. ಗಾಳ ಇಲ್ಲ, ಏನಿಲ್ಲ.”

ಹದಿನೇಳು ವರ್ಷವೂ ಹೆಂಡತಿ ದಡದಲ್ಲೇ ಕೂತಿದ್ದಳು, ಅವನು ಆರಿಸಿದ ದಡಗಳಲ್ಲಿ. ನೀರೆಂದರೆ ತಲೆ ಸುತ್ತುತ್ತದೆ ಎಂದಿದ್ದಳು. ಒಲೆಯ ಉರಿ ನೋಡಿಕೊಳ್ಳಲು ಒಬ್ಬರು ಬೇಕಲ್ಲ ಎಂದು ಅವನೂ ಒತ್ತಾಯಿಸಿರಲಿಲ್ಲ.

ಅವನು ಸಹಿ ಮಾಡಿದ. ಅಭಿಪ್ರಾಯ ಎಂಬಲ್ಲಿ ‘ಐವತ್ತಕ್ಕೆ ಇಪ್ಪತ್ತೆರಡು’ ಎಂದು ಬರೆದ. ಅಕ್ಷರ ನಡುಗಲಿಲ್ಲ. ಅದನ್ನು ಗಮನಿಸಿದ, ಮೆಚ್ಚಿಕೊಂಡ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಎಣಿಸುವಾಗ ತನ್ನ ತುಟಿ ಅಲ್ಲಾಡುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ರಸ್ತೆಬದಿಯ ವಿದ್ಯುತ್ ಕಂಬಗಳನ್ನು ಎಣಿಸುತ್ತ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡ. ಹನ್ನೊಂದು, ಹನ್ನೆರಡು. ಅಲ್ಲಾಡುತ್ತಿತ್ತು. ಅಷ್ಟು ಸೂಕ್ಷ್ಮವಾಗಿ ಅವಳು ಎಂದು ನೋಡಿದಳು? ನೋಡಿದ್ದು ಯಾಕೆ? ಹೀಗೆ ನೋಡುವುದಕ್ಕೆ ಪ್ರೀತಿ ಬೇಕು. ಇಲ್ಲವೇ ಹದಿನೇಳು ವರ್ಷದ ಬೇಸರ ಬೇಕು. ಎರಡರಲ್ಲಿ ಯಾವುದೆಂದು ಹೇಳಲು ಅವನ ಬಳಿ ಹಗ್ಗವಿರಲಿಲ್ಲ.

ಸಂಜೆ ಫಲಿತಾಂಶ ಕೇಳಲು ಮೂರು ಮನೆಯವರ ಸಭೆ. ಏನು ಹೇಳಬೇಕೆಂದು ಮಾತು ಜೋಡಿಸತೊಡಗಿದ. ‘ಇನ್ನು ಮುಂದೆ ನೀವೇ ಆರಿಸಿಕೊಳ್ಳಿ’ ಎಂದುಬಿಡಬಹುದು. ರಿಜಿಸ್ಟರಿನ ಸಾಲನ್ನು ದಿನಾಂಕಸಮೇತ ಹೇಳಿ ಸುಮ್ಮನೆ ಕೂರಬಹುದು. ಎರಡರಲ್ಲೂ ಒಂದೇ ದೋಷ: ತನಗೆ ನೋವಾಗಿದೆ ಎಂದು ಗೊತ್ತಾಗುತ್ತದೆ. ಜಟ್ಟಿ ಮೀಸೆ ಮಣ್ಣಾಗಲಿಲ್ಲ ಎಂದು ಸಾಧಿಸಬೇಕಾದರೆ ಮೊದಲು ಬಿದ್ದದ್ದನ್ನು ಒಪ್ಪಬೇಕು. ಅವನು ಬಿದ್ದೇ ಇರಲಿಲ್ಲ.

ಸಭೆ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅವನು ಹೋಗುವ ಹೊತ್ತಿಗೆ ಎಲ್ಲರೂ ಸೇರಿದ್ದರು. ಗೋಡೆಯ ಮೇಲೆ ಸಾಲಿನಿಂದ ಸಾಲಿಗೆ ಸಣ್ಣದಾಗುವ ಅಕ್ಷರಗಳ ಹಲಗೆ. ಗಾಜಿನ ಕಪಾಟಿನ ತುಂಬ ಕನ್ನಡಕಗಳು. ಅವುಗಳ ಹಿಂದೆ ಮುಖವಿಲ್ಲದಿದ್ದರೂ ಅವು ನೋಡುವ ಕೆಲಸ ಬಿಟ್ಟಿರಲಿಲ್ಲ.

“ಬನ್ನಿ ಭಾವ. ನ್ಯಾಯಾಧೀಶರು ಬಂದ್ರು, ಎಲ್ಲ ಎದ್ದು ನಿಂತ್ಕೊಳಿ,” ಎಂದ ಬಾಮೈದ. “ಏನಾಯ್ತು ರಿಸಲ್ಟು?”

“ಇಪ್ಪತ್ತೆರಡು.”

ಔಷಧಿ ಅಂಗಡಿಯವರು, “ಛೆ. ನೀರು ಅಷ್ಟು ತಿಳಿಯಾಗಿತ್ತು...” ಎಂದು ಶುರುಮಾಡಿದರು. ಅವರ ಹೆಂಡತಿ ಬಿಸ್ಕತ್ತಿನ ತಟ್ಟೆಯನ್ನು ಅವರ ಎದೆಗೆ ಹಿಡಿದರು. “ಅಂತ ಯಾರೋ ಹೇಳಿದ್ರು,” ಎಂದು ಮುಗಿಸಿ ಅವರು ಎರಡು ಬಿಸ್ಕತ್ತು ತೆಗೆದುಕೊಂಡರು.

“ಹೇಗಿತ್ತು ಕೆರೆ?” ಎಂದಳು ಹೆಂಡತಿ, ಕಂಡೇ ಇಲ್ಲದವಳ ಹಾಗೆ. ದನಿಯಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಒಂದು ಕ್ಷಣ ಅವನಿಗೆ ಅವಳ ಬಗ್ಗೆ ಹೆಮ್ಮೆಯೆನಿಸಿತು.

“ಕೆಸರು,” ಎಂದ. “ಆದ್ರೆ ಬರುವಾಗ ಇನ್ನೊಂದು ನೋಡಿದೆ.”

ಅಂಥದೊಂದು ಮಾತು ತನ್ನೊಳಗಿತ್ತೆಂದು ಆಡಿದ ಮೇಲೇ ಗೊತ್ತಾಯಿತು. ವಾಪಸು ತೆಗೆದುಕೊಳ್ಳಲು ಸಮಯವೂ ಇತ್ತು. ಆದರೆ ಐದು ಮುಖಗಳೂ ಅವನ ಕಡೆ ತಿರುಗಿದ್ದವು.

“ಯಾವುದು ಭಾವ?”

“ಗುಡ್ಡದ ಹಿಂದೆ. ಅಲ್ಲಿಗೆ ಯಾರೂ ಹೋಗಲ್ಲ.”

“ಎಷ್ಟು ಕೊಟ್ರಿ?”

“ನಲವತ್ತೊಂಬತ್ತು.”

ಇದುವರೆಗೆ ಯಾವ ಕೆರೆಯೂ ಮೂವತ್ತೊಂಬತ್ತನ್ನು ದಾಟಿರಲಿಲ್ಲ. “ಆ ಒಂದು ಎಲ್ಲಿ ಹೋಯ್ತು ಅಣ್ಣ?” ಎಂದಳು ಬಾಮೈದನ ಹೆಂಡತಿ.

“ರಸ್ತೆ ಸರಿಯಿಲ್ಲ.”

ಪೂರ್ತಿ ಕೊಟ್ಟರೆ ಯಾರೂ ನಂಬುವುದಿಲ್ಲವೆಂದು ಅಂಕ ಕೊಡುವವರಿಗೆಲ್ಲ ಗೊತ್ತು.

ಮನಸ್ಸಿನಲ್ಲಿ ಅಳುಕಿರುವವರು ಬೇಗ ಒಪ್ಪುತ್ತಾರೆ. “ಗುಡ್ಡದ ಹಿಂದಿಂದಾ? ಕೇಳಿದ್ದೀನಿ, ಕೇಳಿದ್ದೀನಿ,” ಎಂದ ಬಾಮೈದ. “ನಮ್ಮ ಅಂಗಡಿಗೆ ಬರೋರೊಬ್ಬರು ಹೇಳ್ತಿದ್ರು,” ಎಂದರು ಔಷಧಿ ಅಂಗಡಿಯವರು, “ಮೊಳದುದ್ದ ಮೀನಂತೆ.”

“ಮೊಳಕ್ಕೆ ಸ್ವಲ್ಪ ಕಡಿಮೆ,” ಎಂದು ಅವನು ತಿದ್ದಿದ. ಉತ್ಪ್ರೇಕ್ಷೆ ಅವನಿಗೆ ಆಗದು.

“ಹೇಗಿದೆ ಅಂತ ಬರೆದು ತೋರಿಸಿ ಭಾವ.” ಬಾಮೈದ ಹಳೆಯ ಜಾಹೀರಾತಿನ ದೊಡ್ಡ ಹಾಳೆಯೊಂದನ್ನು ಮಗುಚಿ ಮೇಜಿನ ಮೇಲೆ ಹಾಸಿದ. ಬೆನ್ನು ಅಚ್ಚ ಬಿಳಿಯಾಗಿತ್ತು.

ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಅವನು ಬೇರೆಯವರು ಅಳೆದು ತಂದದ್ದನ್ನೇ ಬರೆದಿದ್ದ. ಈಗ ಗೆರೆ ತಾನಾಗಿ ಹೊರಟಿತು. ಕೆಳಗಿನಿಂದ ಶುರುವಾಗಿ, ಎಡಕ್ಕೆ ಮರಳಿನ ದಡ, ಮೇಲೆ ಬಂಡೆ, ಬಂಡೆಯ ಪಕ್ಕ ಸಣ್ಣ ತೊರೆ. ನಡುವೆ ಒಂದು ದ್ವೀಪ, ದ್ವೀಪದಲ್ಲಿ ಮೂರೇ ಮರ. ನಾಲ್ಕು ಎನ್ನುವುದು ಅತಿಯಾಗುತ್ತಿತ್ತು. ಆಳದ ಅಂಕಿಗಳನ್ನು ಓರೆಯಾಗಿ, ಇಲಾಖೆಯ ಪದ್ಧತಿಯಂತೆ ಬರೆದ: ಹದಿನಾಲ್ಕು, ಹದಿನೇಳು, ಇಪ್ಪತ್ತು.

ತಲೆಗಳು ಬಗ್ಗಿದವು. “ನಮ್ಮ ಡೇರೆ ಇಲ್ಲಿ,” ಎಂದರು ಔಷಧಿ ಅಂಗಡಿಯವರು.

“ಅಲ್ಲಿ ಬೇಡ. ಬೆಳಗಿನ ಜಾವ ಗಾಳಿ ಹೊಡೆಯುತ್ತೆ.”

“ನೀವು ಹೇಳಿದ ಮೇಲೆ ಮುಗೀತು ಬಿಡಿ.”

ಯಾರೂ ಹುಬ್ಬು ಗಂಟು ಹಾಕಲಿಲ್ಲ. ಬಾಮೈದ ಬಂಡೆಯ ಪಕ್ಕದ ಜಾಗ ಗಾಳಕ್ಕೆ ತನಗಿರಲಿ ಎಂದು ಗೋಗರೆದ. ಯೋಚಿಸಿ ಹೇಳುತ್ತೇನೆ ಎಂದ ಇವನು. ನೆತ್ತಿಯವರೆಗೂ ಒಂದು ಬಿಸುಪು ಏರುತ್ತಿತ್ತು. ಇಷ್ಟು ಒಳ್ಳೆಯ ಕೆರೆಯನ್ನು ಅವನು ಇದುವರೆಗೆ ಯಾರಿಗೂ ಕೊಟ್ಟಿರಲಿಲ್ಲ.

“ಈ ಶನಿವಾರವೇ ಹೊರಡೋಣ ಭಾವ. ಇನ್ನು ತಡ ಯಾಕೆ?”

“ಹೊರಡೋಣ,” ಎಂದ ಅವನು.

ಆಗ ಹೆಂಡತಿ ಎದ್ದು ಮೇಜಿನ ಈ ಬದಿಗೆ ಬಂದಳು. ಹಾಳೆಯನ್ನು ನೋಡಿದಳು, ತಿದ್ದಬೇಕಾದ ಪುಸ್ತಕವನ್ನು ನೋಡುವಂತೆ, ಮೊದಲಿನಿಂದ ಕೊನೆಯವರೆಗೆ. ಗೆರೆ ಇಡೀ ಕೆರೆಯನ್ನು ಸುತ್ತಿ ಹೊರಟ ಜಾಗದ ಹತ್ತಿರಕ್ಕೆ ಬಂದಿತ್ತು. ಕೂಡಲು ಅರ್ಧ ಅಂಗುಲ ಬಾಕಿ. ಆ ಸಂದಿನಲ್ಲಿ ಅವಳು ತೋರುಬೆರಳಿಟ್ಟಳು.

“ಇಲ್ಲಿ ಆಳ ಎಷ್ಟು?”

ಅವಳು ಆಳ ಕೇಳಿದ್ದು ಅದೇ ಮೊದಲು. ಅವನು ತಲೆಯೆತ್ತಿದ. ಅವಳು ಹಾಳೆಯನ್ನು ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದಳು.

“ಕೈ ತೆಗಿ,” ಎಂದ ಮೆಲ್ಲಗೆ. “ದಡ ಮುಗಿಸಿಬಿಡ್ತೀನಿ.”

ಅವಳು ತೆಗೆಯಲಿಲ್ಲ. ಪೆನ್ನು ಉಗುರಿನವರೆಗೆ ಬಂದು ನಿಂತಿತು. “ಅಕ್ಕ, ಬಿಡೇ, ಮುಗಿಸ್ಲಿ,” ಎಂದು ಬಾಮೈದ ನಕ್ಕ. ಯಾರೂ ಜೊತೆಗೂಡದ್ದರಿಂದ ಅವನೂ ನಿಲ್ಲಿಸಿದ. ಕೋಣೆಯ ದೀಪದಡಿಯಲ್ಲಿ ಎಲ್ಲರೂ ಬಗ್ಗಿ ನೋಡುತ್ತಲೇ ಇದ್ದರು: ಇಪ್ಪತ್ತು ಮೊಳದ ನೀರು, ಒಡೆದ ಕಟ್ಟೆ, ಬಿರುಕಿಗೆ ಅಡ್ಡವಾಗಿ ಒಂದು ಬೆರಳು.