ಪೆಟ್ಟಿಗೆಗೊಂದು ಕಿತ್ತಳೆ

ಮಿಸಾವೊ ಒಂದು ಹನಿ ಕಿತ್ತಳೆ ರಸವನ್ನು ಸಿಹಿಮಾಪಕದ ಗಾಜಿನ ಮೇಲೆ ಹಿಂಡಿ, ಕೊಳವೆಯನ್ನು ಸಮುದ್ರದ ಕಡೆಯ ಬೆಳಕಿಗೆ ಹಿಡಿದು ಕಣ್ಣಿಟ್ಟಳು. ಒಳಗಿನ ನೀಲಿ ಗೆರೆ ಒಂಬತ್ತಕ್ಕೆ ನಿಂತಿತು. ಹಣ್ಣನ್ನು ಬುಡಕ್ಕೆಸೆದು ಮುಂದಿನ ಮರಕ್ಕೆ ಕೈ ಹಾಕಿದಳು. ಸೂತಕದ ಕಪ್ಪು ಕಿಮೊನೊದ ಅಂಚು ಕೆಸರಾಗಿತ್ತು.

"ಅತ್ತಿಗೆ, ಗುರುಗಳ ಮಂತ್ರ ಮುಗೀತಾ ಬಂತು. ಅಣ್ಣನ್ನ ಬಿಟ್ಟು ಇಲ್ಲೇನು ಮಾಡ್ತಿದೀರಿ?" ಮೈದುನ ಎಯಿಕಿಚಿ ಕೆಳಗಿನ ಕಲ್ಲುಕಟ್ಟೆಯಿಂದ ಕೂಗಿದ.

"ಅವರ ಪೆಟ್ಟಿಗೆಯೊಳಗೆ ಇಡೋಕೆ ಹನ್ನೆರಡು ಡಿಗ್ರಿ ಸಿಹಿ ಇರೋದೊಂದು ಬೇಕು."

"ಇಷ್ಟು ಮಳೆ ಬಿದ್ದಿದೆ, ಹನ್ನೆರಡು ಎಲ್ಲಿಂದ ಬರುತ್ತೆ? ಯಾವುದೋ ಒಂದು ಇಡಿ. ಸತ್ತೋರು ಅಳೆದು ನೋಡ್ತಾರಾ?"

"ನಿಮ್ಮಣ್ಣ ನೋಡ್ತಾರೆ."

ಅವಳ ಗಂಡ ತೊಕುಜಿ ಊರಿನ ಸಹಕಾರ ಸಂಘದಲ್ಲಿ ಹಣ್ಣಿನ ಸಿಹಿ ಅಳೆಯುತ್ತಿದ್ದವನು. ಹನ್ನೆರಡಕ್ಕೆ ಕೂದಲೆಳೆಯಷ್ಟು ಕಡಿಮೆಯಿದ್ದರೂ ಡಬ್ಬಕ್ಕೆ ಮುದ್ರೆ ಒತ್ತುತ್ತಿರಲಿಲ್ಲ, ಅದು ಸ್ವಂತ ತೋಟದ್ದಾದರೂ.

*

ಆಸ್ಪತ್ರೆಯಲ್ಲಿ ಕೊನೆಗೆ ಅವನ ನಾಲಿಗೆಗೆ ರುಚಿಯೇ ಹೋಗಿತ್ತು. ಮಿಸಾವೊ ಈ ವರ್ಷದ ಮೊದಲ ಕಿತ್ತಳೆಯ ತೊಳೆಯೊಂದನ್ನು ತುಟಿಗೆ ಹಿಂಡಿದಳು.

"ಎಷ್ಟು?" ಎಂದ.

"ಹನ್ನೆರಡು."

"ಅಳೆದೆಯಾ?"

"ಅಳೀದೆ ಹೇಳ್ತೀನಾ?"

"ಈ ಮಳೇಲೂ ಹನ್ನೆರಡಾ? ನಮ್ಮ ಮರ ಪುಣ್ಯ ಮಾಡಿದೆ ಕಣೆ," ಎಂದು ನಕ್ಕು ಕಣ್ಣು ಮುಚ್ಚಿದ.

ಅವಳು ಅಳೆದಿರಲಿಲ್ಲ.

*

ಈ ಸುಳ್ಳನ್ನು ಹೊತ್ತುಕೊಂಡೇ ಅವನು ಬುದ್ಧನ ಪಾದ ಸೇರಬೇಕೆ? ಮುಚ್ಚಳ ಹಾಕುವ ಮೊದಲು ಹನ್ನೆರಡರದೊಂದು ಸಿಕ್ಕರೆ ಆಡಿದ ಮಾತು ನಿಜವಾದೀತು. ಮಿಸಾವೊ ಕೊನೆಯ ಸಾಲಿನವರೆಗೂ ಹೋದಳು. ಎಲ್ಲವೂ ಒಂಬತ್ತರ ಆಚೀಚೆ.

ಅಂಗಳಕ್ಕೆ ಇಳಿದಾಗ ಪಕ್ಕದ ತೋಟದ ಮುದುಕ ಕನೆಮಾತ್ಸು ಒಂದು ಹಣ್ಣು ಚಾಚಿದ. "ನಮ್ಮದು ಇಡಮ್ಮ. ವರ್ಷಾವರ್ಷಾ ಹತ್ತು ಅಂತ ವಾಪಸ್ ಕಳಿಸ್ತಿದ್ದ. ಇವತ್ತು ಹೆಂಗೆ ಕಳಿಸ್ತಾನೆ ನೋಡೋಣ."

ಅವಳು ಅಲ್ಲೇ ಅಳೆದಳು. "ಹತ್ತೇ, ಮಾವ."

"ಹಾಳಾದವನು," ಎಂದು ಮುದುಕ ಕಣ್ಣೊರೆಸಿಕೊಂಡ.

ಮಿಸಾವೊ ತನ್ನ ತೋಟದ ಹಣ್ಣೊಂದನ್ನೇ ಕಿತ್ತು ಅಳೆದು, ಸೇವಂತಿಗೆಯ ನಡುವೆ ಗಂಡನ ಕೆನ್ನೆಯ ಪಕ್ಕ ಇಟ್ಟಳು. ಬಾಗಿ ಹೇಳಿದಳು: "ರೀ, ಇದು ಒಂಬತ್ತೇ. ಅವತ್ತು ನಾನು ಅಳೆದಿರಲಿಲ್ಲ."

ಮುಚ್ಚಳ ಹಾಕಿದರು. ಮನೆಯವರು ಪದ್ಧತಿಯಂತೆ ಹೊಳೆಗಲ್ಲಿನಿಂದ ಒಬ್ಬೊಬ್ಬರಾಗಿ ಮುಚ್ಚಳದ ಮೊಳೆಗೆ ಮೆಲ್ಲನೆ ಹೊಡೆದರು. ಅವಳೂ ಹೊಡೆದು, ಕಲ್ಲನ್ನು ಎಯಿಕಿಚಿಗೆ ಕೊಡಲು ಅಂಗೈ ಬಿಚ್ಚಿದಳು. ರಸ ಒಣಗಿದ ಕೈಗೆ ಕಲ್ಲು ಅಂಟಿಕೊಂಡಿತ್ತು. ಅವನು ಎಳೆದು ತೆಗೆದುಕೊಳ್ಳಬೇಕಾಯಿತು.