ಹನ್ನೆರಡನೆಯ ಸಾಲು

ತಾತನ ತೋಟದಲ್ಲಿ ಹುರುಳಿಕಾಯಿಯ ಸಾಲು ಹನ್ನೆರಡು. ಹನ್ನೊಂದು ಮಾರಾಟಕ್ಕೆ, ಮನೆ ಪಕ್ಕದ್ದೊಂದು ಮನೆಯ ಅಡುಗೆಗೆ. ಹನ್ನೊಂದಕ್ಕೂ ಕೀಟನಾಶಕ ಹೊಡೆಯುತ್ತಿದ್ದ ತಾತ ಮನೆಸಾಲಿಗೆ ಮಾತ್ರ ಒಂದು ಹನಿಯೂ ಹಾಕುತ್ತಿರಲಿಲ್ಲ. ಹುಳ ಕಂಡರೆ ಕೈಯಲ್ಲೇ ಆರಿಸುತ್ತಿದ್ದ. ಅದರ ಬಗ್ಗೆ ಅವನ ಜಂಬ ಹೇಳತೀರದು.

ಆರು ತಿಂಗಳ ಮೊಮ್ಮಗಳಿಗೆ ಅಂದು ಮೊದಲ ಗಟ್ಟಿ ಊಟ. ಅಜ್ಜಿ ಮನೆಸಾಲಿನ ಕಾಯಿ ಬಿಡಿಸುತ್ತಿದ್ದಳು. ಮಗುವಿನ ತೂಕ ನೋಡಲು ಬಂದ ನರ್ಸಮ್ಮ ಕೇಳಿದಳು.

"ತಾತ, ಔಷಧಿ ಯಾವಾಗ ಹೊಡೆದಿದ್ದು?"

"ಮೊನ್ನೆ. ಆದ್ರೆ ಆಚೆ ಸಾಲಿಗೆ. ನಮ್ಮ ಕೂಸಿನ ಬಾಯಿಗೆ ನಾನು ವಿಷ ಹಾಕ್ತೀನಾ?"

"ಇದು ನಿಮ್ಮ ಮನೆಸಾಲು ಅಂತ ಗಾಳಿಗೆ ಗೊತ್ತಾ?"

"ಮೂರು ಮಾರು ದೂರ ಇದೆ ಕಣಮ್ಮ!"

"ನೋಡೇಬಿಡೋಣ. ಬಟ್ಟೆಗೆ ಹಾಕೋ ನೀಲಿ ಇದೆಯಾ?"

ತಾತನಿಗೂ ಕುತೂಹಲ ತಡೆಯಲಾಗಲಿಲ್ಲ. ಇನ್ನೂ ಔಷಧಿಯ ಮುಖ ನೋಡದ ಹೊಸ ಪಂಪಿಗೆ ನೀರು ತುಂಬಿ ನೀಲಿ ಕಲಸಿದ. ಮನೆಸಾಲಿನ ಪಕ್ಕದ ಹಗ್ಗದಲ್ಲಿ ಮಗುವಿನ ಬಿಳಿ ಬಟ್ಟೆಗಳು ಒಣಗುತ್ತಿದ್ದವು. ತಾತ ಎಂದಿನಂತೆ ಆಚೆ ಸಾಲುಗಳಿಗೆ ಹೊಡೆದು, ಗೆದ್ದವನಂತೆ ನಗುತ್ತ ಬಂದ.

ಬಟ್ಟೆಗಳ ತುಂಬ ಸಾಸಿವೆಯಷ್ಟು ಸಣ್ಣ ನೀಲಿ ಚುಕ್ಕಿ!

ತಾತ ಒಂದನ್ನು ಬೆಳಕಿಗೆ ಹಿಡಿದು ನೋಡಿದ. ತಿರುಗಿಸಿ ನೋಡಿದ.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?" ಎಂದು ಅಜ್ಜಿ ಬಿಡಿಸಿದ ಕಾಯಿಯನ್ನು ದೂರ ಸರಿಸಿದಳು.

"ಕಾಯಿ ತೊಳೆದ್ರೆ ವಿಷ ಹೋಗಲ್ವಾ?" ಎಂದ ತಾತ.

"ಸ್ವಲ್ಪ ಹೋಗುತ್ತೆ, ಪೂರ್ತಿ ಹೋಗಲ್ಲ. ಔಷಧಿ ಡಬ್ಬಿ ಮೇಲೆ ಏನಿದೆ ಅಂತ ಓದಿದ್ದೀರಾ?" ಎಂದಳು ನರ್ಸಮ್ಮ.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ತಾತ ಕನ್ನಡಕ ಹಾಕಿಕೊಂಡು ಡಬ್ಬಿ ಓದಿದ. ಗಾಳಿ ಬೀಸುವಾಗ ಹೊಡೆಯಬಾರದು. ಹೊಡೆದ ಮೇಲೆ ಏಳು ದಿನ ಕೊಯ್ಯಬಾರದು.

ಬೆಳಿಗ್ಗೆ ಕೊಯ್ದ ಹನ್ನೊಂದು ಸಾಲಿನ ಕಾಯಿ ಬಾಗಿಲಲ್ಲೇ ಬುಟ್ಟಿಗಳಲ್ಲಿತ್ತು. ತಾತ ಅವನ್ನೇ ನೋಡುತ್ತ ನಿಂತ.

"ಪೇಟೇಲೂ ಯಾವುದೋ ಕೂಸಿಗೆ ನಾಳೆ ಮೊದಲ ಊಟ ಇರುತ್ತೆ, ಅಲ್ವಾ?"

ಹೊರಗೆ ಪೇಟೆಗೆ ಕಾಯಿ ಒಯ್ಯುವ ಲಾರಿಯ ಹಾರ್ನ್ ಕೇಳಿತು.

"ಇವತ್ತು ಕಾಯಿ ಇಲ್ಲ, ಹೋಗಪ್ಪಾ!" ಎಂದು ತಾತ ಕೂಗಿ ಹೇಳಿದ. ಬುಟ್ಟಿಗಳನ್ನೆಲ್ಲ ಗುಂಡಿಗೆ ಸುರಿದು ಮಣ್ಣು ಮುಚ್ಚಿದ. ಇಡೀ ಕೊಯ್ಲಿನ ದುಡ್ಡು ಹೋಯಿತು, ಆದರೂ ಮುಚ್ಚಿದ.

ಈಗ ಅವನು ಹನ್ನೆರಡು ಸಾಲಿನಲ್ಲೂ ಹುಳವನ್ನು ಕೈಯಲ್ಲೇ ಆರಿಸುತ್ತಾನೆ. ತೀರಾ ಬೇಕಾದರಷ್ಟೇ, ಗಾಳಿಯಿಲ್ಲದ ಹೊತ್ತಿನಲ್ಲಿ ಔಷಧಿ. ಹೊಡೆದ ದಿನ ತೋಟಕ್ಕೆ ಕೆಂಪು ಬಟ್ಟೆ ಕಟ್ಟುತ್ತಾನೆ. ದಿನ ತುಂಬಿ ಅದನ್ನು ಬಿಚ್ಚುವ ತನಕ ಯಾರೂ ಕೊಯ್ಯುವಂತಿಲ್ಲ.

ನಿಮ್ಮ ತೋಟದಲ್ಲೂ ಒಂದು ಮನೆಸಾಲು ಇದೆಯೇ? ಹೊಸ ಪಂಪಿನಲ್ಲಿ ಒಮ್ಮೆ ನೀಲಿ ನೀರು ಹೊಡೆದು ನೋಡಿ. ಡಬ್ಬಿ ಓದಿ, ದಿನ ಎಣಿಸಿ, ಆಮೇಲೆ ಕೊಯ್ಯಿರಿ. ನೀವು ಕೊಯ್ದ ಕಾಯಿಗೆ ಎಲ್ಲೋ ಒಂದು ಕೂಸು ಬಾಯಿ ತೆರೆದು ಕಾಯುತ್ತಿದೆ.